ಡಿಶ್ ನಾಹಿದಾ ಮತ್ತು ಒಂದು ಬೆಳಕಿಂಡಿ

ಹಳೇ ಹುಬ್ಬಳ್ಳಿಯ ಓಣಿಗೆ ಹಾಲಿನವನೂ ಇನ್ನೂ ಬಂದಿಲ್ಲ. ಮೋಡ ಮಾತ್ರ ಬಂದು ಕೂತಿದೆ, ಮಾಳಿಗೆಗಳಿಗೆ ತಲೆ ತಾಗುವಷ್ಟು ಕೆಳಗೆ. ಮಾಲತೇಶನ ಮನೆಯ ಹಿಂದಿನ ಕೋಣೆಯಲ್ಲಿ ನಾಹಿದಾ ಬಾಗಿ ನಿಂತಿದ್ದಾರೆ. ತಲೆಯ ಮೇಲಿನ ಸೆರಗನ್ನು ಕಿವಿಯ ಹಿಂದೆ ಸಿಕ್ಕಿಸಿದ್ದಾರೆ, ಕೈಯಲ್ಲಿ ನಟ್ಟು ಬಿಗಿಯುವ ಪಾನಾ ಹಿಡಿದಿದ್ದಾರೆ. ಎದುರಿಗೆ ಹಳೆಯ ಒರಳುಕಲ್ಲಿನ ಮೇಲೆ ಒಂದು ಡಿಶ್.

"ಬಂತೇನಪಾ?" ಎಂದು ಕೂಗುತ್ತಾರೆ.

ಮುಂದಿನ ಕೋಣೆಯಲ್ಲಿ ಟಿವಿ ಎದುರು ನಿಂತ ಮಾಲತೇಶ, "ಎಲ್ಲಿ ಬರತೈತ್ರಿ ಅಕ್ಕಾರ. ನೀಲಿ ಪರದೆ ನೋಡಿ ನೋಡಿ ನನ್ನ ಕಣ್ಣ ನೀಲಿ ಆಗ್ಯಾವು" ಎನ್ನುತ್ತಾನೆ.

"ಕಣ್ಣ ಆಮ್ಯಾಲ ನೋಡೂನು. ಮದಲ ಡಿಶ್ ನೋಡೂನು."

ಮಾಳಿಗೆಯ ಮೇಲೆ ಇರಬೇಕಾದ ಡಿಶ್ ಮನೆಯೊಳಗೆ ಯಾಕೆ ಬಂತು ಅಂದರೆ, ಅದಕ್ಕೊಂದು ಕಥೆಯಿದೆ. ಹೋದ ದೀಪಾವಳಿ ಕಳೆದ ಮೇಲೆ ಮಾಲತೇಶ ಮತ್ತು ಅವನ ಅಣ್ಣ ಸಿದ್ದಪ್ಪ ಪಾಲಾದರು. ಕೆಳಗಿನ ಹಿಂದಿನ ಭಾಗ ತಮ್ಮನಿಗೆ, ಮುಂದಿನ ಭಾಗ, ಮೆಟ್ಟಿಲು ಮತ್ತು ಮಾಳಿಗೆ ಅಣ್ಣನಿಗೆ ಹೋದವು. ಪಾಲಿನ ದಿನ ಆಡಿದ ಮಾತು ಹೆಚ್ಚಾಗಿ, ಆಮೇಲೆ ಮಾತೇ ನಿಂತುಹೋಯಿತು. ಡಿಶ್ ಕೂಡಿಸಲು ಮಾಳಿಗೆಯಲ್ಲಿ ಜಾಗ ಕೇಳುವುದಕ್ಕೆ ಮಾಲತೇಶನಿಗೆ ಬಾಯಿ ಬರಲಿಲ್ಲ. ಆಗ ನಾಹಿದಾ ಬಂದು ಮನೆಯೆಲ್ಲ ತಿರುಗಿ ನೋಡಿದರು. ಹಿಂದಿನ ಕೋಣೆ ಹಿಂದೊಮ್ಮೆ ಅಡುಗೆಮನೆಯಾಗಿದ್ದದ್ದು. ಒಲೆಯ ಹೊಗೆ ಹೋಗಲಿ, ಬೆಳಕು ಬರಲಿ ಎಂದು ಹಿರಿಯರು ಮಾಳಿಗೆಯಲ್ಲಿ ದೊಡ್ಡದೊಂದು ಬೆಳಕಿಂಡಿ ಬಿಟ್ಟಿದ್ದರು. ಈಗ ಅಲ್ಲಿ ಜೋಳದ ಚೀಲ, ಮುರಿದ ತೊಟ್ಟಿಲು ಇಟ್ಟಿದ್ದಾರೆ. ನಾಹಿದಾ ಕಿಂಡಿಯ ಕೆಳಗೆ ನಿಂತು ತಲೆ ಎತ್ತಿದರು.

"ಚಿತ್ರ ಕಳಸೋ ಉಪಗ್ರಹ ನಮ್ಮೂರಿಗೆ ಆಗ್ನೇಯಕ್ಕ ಐತ್ರಿ. ಒಲಿ ಮೂಲಿ ಅಂತೀವಲ್ಲ, ಅತ್ತಾಗ ಮಾರಿ ಮಾಡಿ ಕುತಗಿ ನೋಯೂ ಅಷ್ಟು ಮ್ಯಾಲ ನೋಡಬೇಕು. ಆ ಕಿಂಡ್ಯಾಗಿಂದ ಅಷ್ಟ ಆಕಾಶ ಕಾಣಸ್ತಿತ್ತು. ಡಿಶ್‌ಗೆ ಮತ್ತೇನ ಬೇಕು? ಅದಕೇನ ಊರೆಲ್ಲ ನೋಡೂದೈತೇನು?" ಎಂದು ನಗುತ್ತಾರೆ ನಾಹಿದಾ.

ಚಳಿಗಾಲ, ಬೇಸಿಗೆ ಎರಡೂ ಕಳೆದವು. ಚಿತ್ರ ಕನ್ನಡಿ ಹಾಗಿತ್ತು. ಓಣಿಯವರು ಬಂದು ಒರಳುಕಲ್ಲಿನ ಮೇಲಿನ ಡಿಶ್ ನೋಡಿ ಹೋದರು.

ನಾಹಿದಾ ಈ ಕೆಲಸ ಕಲಿತದ್ದು ಟಿವಿಯ ಮುಂದೆ ನಿಂತು. ಅಪ್ಪ ರೇಡಿಯೊ, ಟಿವಿ ರಿಪೇರಿ ಮಾಡುತ್ತಿದ್ದರು. ಅಪ್ಪ ಯಾರದೋ ಮಾಳಿಗೆ ಹತ್ತಿ ಆಂಟೆನಾ ತಿರುವಬೇಕು, ಮಗಳು ಕೆಳಗೆ ನಿಂತು "ಬಂತು ಅಬ್ಬಾ! ಹೋತು ಅಬ್ಬಾ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಬೇಕು. ಅಪ್ಪನ ಕಣ್ಣು ಮಂಜಾದ ಮೇಲೆ ಮಗಳೇ ಮಾಳಿಗೆ ಹತ್ತಿದರು. "ಇವತ್ತ ಮಾಳಿಗಿ ಹತ್ಯಾಳ, ನಾಳೆ ವಿಮಾನ ಹೊಡೀತಾಳ" ಎಂದು ಕಟ್ಟೆಯ ಮೇಲೆ ಕೂತವರು ಆಡಿಕೊಂಡರು. ಆಡಿಕೊಂಡವರ ಮನೆಯ ಟಿವಿಯೂ ಕೆಡುತ್ತದಲ್ಲ, ಅವರೂ ಕರೆದರು. ಒಂದು ಮಳೆಗಾಲದಲ್ಲಿ ಪಾಚಿಯ ಮೇಲೆ ಕಾಲು ಜಾರಿ ಬಿದ್ದು ಎಡ ಮೊಣಕೈ ಮುರಿಯಿತು. ಅದು ಇವತ್ತಿಗೂ ಪೂರಾ ನೆಟ್ಟಗಾಗುವುದಿಲ್ಲ. ಹುಡುಗರು ಈಗ ಮೊಬೈಲಿನಲ್ಲೇ ಎಲ್ಲ ನೋಡಿಕೊಳ್ಳುತ್ತಾರೆ. ಆದರೂ ಪುಕ್ಕಟೆ ಚಾನೆಲ್ ನೋಡುವ ಮನೆಗಳು ಈ ಓಣಿಗಳಲ್ಲಿ ಬೇಕಾದಷ್ಟಿವೆ. ದಿನಕ್ಕೆ ನಾಲ್ಕೈದು ಮನೆ, ಮಳೆಗಾಲದಲ್ಲಿ ಅದರ ಎರಡು ಪಟ್ಟು. ಹೆಂಗಸಾದ ಕಾರಣ ಒಂದು ಅನುಕೂಲವೂ ಇದೆ. ಅಡುಗೆಮನೆ, ಬಚ್ಚಲು, ದೇವರ ಕೋಣೆ, ಯಾವ ಬಾಗಿಲಿನಲ್ಲೂ ಅವರನ್ನು ತಡೆದು ನಿಲ್ಲಿಸುವುದಿಲ್ಲ.

ಜೂನಿನಲ್ಲಿ ಮಿರಗದ ಮಳೆ ಹಿಡಿಯುವ ಹೊತ್ತಿಗೆ ಮಾಲತೇಶನ ಮನೆಯ ಚಿತ್ರ ಕೆಡಲು ಶುರುವಾಯಿತು. ಮಳೆ ಜೋರು ಹೊಡೆದಾಗ ಚಿತ್ರ ಹೋದರೆ ಅದು ಎಲ್ಲರ ಮನೆಯ ಪಾಡು. ಇಲ್ಲಿ ಹನಿ ಬೀಳುವುದಕ್ಕೆ ಮೊದಲೇ ಹೋಗುತ್ತಿತ್ತು. ನಾಹಿದಾ ಎರಡು ಸಲ ಬಂದರು. ಬಂದಾಗ ಬಿಸಿಲು, ಚಿತ್ರವೂ ಚೊಕ್ಕ. ವೈರ್ ಬದಲಿಸಿದರು, ಬಾಕ್ಸ್ ಬದಲಿಸಿ ನೋಡಿದರು. ಅವರು ಓಣಿ ದಾಟುವುದೇ ತಡ, ಮೋಡ ಮುಸುಕಿ ಮತ್ತೆ ನೀಲಿ ಪರದೆ.

ಅಷ್ಟರಲ್ಲಿ ಮಾಲತೇಶನ ತಲೆಯಲ್ಲಿ ಬೇರೆಯೇ ಒಂದು ಹುಳ ಹೊಕ್ಕಿತು. ತಾರಿಹಾಳದ ಕಾರ್ಖಾನೆಯಲ್ಲಿ ಲೇತ್ ಮುಂದೆ ನಿಂತಾಗಲೂ ಅದೇ ವಿಚಾರ. ಮಾಳಿಗೆ ಅಣ್ಣನದು, ಮಾಳಿಗೆಯಲ್ಲಿ ಓಡಾಡುವ ಸಪ್ಪಳ ಕೇಳುತ್ತದೆ, ಸಪ್ಪಳ ಕೇಳಿದ ಕೂಡಲೇ ಚಿತ್ರ ಹೋಗುತ್ತದೆ. ಬೇಕೆಂದೇ ಏನೋ ಮಾಡುತ್ತಿದ್ದಾರೆ. ಎರಡೂ ಮನೆಗಳ ನಡುವೆ ಇದ್ದ ಬಾಗಿಲು ಪಾಲಾದ ಮೇಲೂ ಹಾಗೆಯೇ ಉಳಿದಿತ್ತು. ಅದನ್ನು ಕಟ್ಟಿ ಮುಚ್ಚಿಬಿಡುವುದೆಂದು ಮಾಲತೇಶ ಇಟ್ಟಂಗಿ ತರಿಸಿದ. ಗೌಂಡಿಗೆ ಸೋಮವಾರ ಬರಲು ಹೇಳಿದ.

"ಮಾತು ಬಿಟ್ಟರ ಇವತ್ತಿಲ್ಲ ನಾಳೆ ಕೂಡ್ತಾರ್ರಿ. ಗ್ವಾಡಿ ಕಟ್ಟಿದ ಮ್ಯಾಲ ಯಾರ ಒಡೀತಾರ? ಚಿತ್ರ ಹೋದ ಕೂಡ್ಲೇ ಫೋನ್ ಹಚ್ಚು, ಯಾವ ಹೊತ್ತಾದರೂ ಬರ್ತೇನಿ ಅಂತ ನಾನ ಹೇಳಿದ್ದೆ. ಡಿಶ್ ಒಳಗ ಕೂಡಸಿದಾಕಿ ನಾನs ಅಲ್ಲೇನ್ರಿ?" ಎನ್ನುತ್ತಾರೆ ನಾಹಿದಾ.

ಫೋನ್ ಬಂದದ್ದು ಈ ಭಾನುವಾರ ನಸುಕಿನಲ್ಲಿ.

ಬ್ಯಾಟರಿಯ ಬೆಳಕನ್ನು ನಾಹಿದಾ ಡಿಶ್ ಮೇಲಿಂದ ಹಳೆಯ ಒಲೆಯ ಮೂಲೆಯತ್ತ, ಅಲ್ಲಿಂದ ಮೇಲಕ್ಕೆ ಹರಿಸುತ್ತಾರೆ. ಆಕಾಶಕ್ಕೆ ಹೋಗಬೇಕಾದ ಬೆಳಕು ಬೆಳಕಿಂಡಿಯಲ್ಲೇ ತಡೆದು ನಿಲ್ಲುತ್ತದೆ. ಅಲ್ಲಿ ತಗಡು. ಬಿಸಿಲಿದ್ದಾಗ ಮಾತ್ರ ಬಂದು ಹೋದ ನಾಹಿದಾರ ಕಣ್ಣಿಗೆ ಅದು ಬೀಳುವ ಹಾಗೇ ಇರಲಿಲ್ಲ. ಸಾಮಾನು ತುಂಬಿದ ಕೋಣೆಗೆ ಮನೆಯವರೂ ಹೋಗಿ ತಲೆ ಎತ್ತುವುದಿಲ್ಲ.

"ನೋಡಿದ್ರಿಲ್ಲೋ?" ಮಾಲತೇಶನ ದನಿ ಏರುತ್ತದೆ. "ನಾ ಹೇಳಿದ್ನಿಲ್ಲೋ? ತಗಡ ಹೊಚ್ಚತಾರ! ನಮ್ಮ ಬೆಳಕಿಗೆ ತಗಡ ಹೊಚ್ಚತಾರ!"

"ಗದ್ದಲ ಮಾಡಬ್ಯಾಡ. ಯಾಕ ಹೊಚ್ಯಾರ ಕೇಳ್ಕೊಂಡ ಬರ್ತೇನಿ."

"ಅವರ ಮೆಟ್ಲ ಹತ್ತಬ್ಯಾಡ್ರಿ ಅಕ್ಕಾರ."

"ಜಗಳ ನಿಂದಪಾ. ನಂದು ಕೆಲಸ" ಎಂದು ನಾಹಿದಾ ನಡೆದೇಬಿಡುತ್ತಾರೆ.

ಮಾಳಿಗೆಯ ಮೇಲೆ ಸಿದ್ದಪ್ಪನ ಹೆಂಡತಿ ಶಿವಬಸವ್ವ ನೀರಿನ ಟಾಕಿ ನೋಡುತ್ತಿದ್ದಾರೆ. ಬೆಳಕಿಂಡಿಯ ಮೇಲೆ ತಗಡು, ಗಾಳಿಗೆ ಹಾರದಿರಲಿ ಎಂದು ಅದರ ಮೇಲೊಂದು ಕಲ್ಲು.

"ಶಿವಬಸಕ್ಕ, ಇದನ್ನ ಯಾರ ಮುಚ್ಯಾರ್ರಿ?"

"ನಾನs ಯವ್ವಾ. ರಾತ್ರಿ ಮಳಿ ಮಾಡ ಕಪ್ಪ ಆಗಿತ್ತು. ನಾ ಈ ಮನಿಗೆ ಸೊಸಿ ಆಗಿ ಬಂದ ವರ್ಷ ಅತ್ತಿ ಹೇಳಿಕೊಟ್ಟಿದ್ರು, ಮಾಡ ಕಂಡ ಕೂಡ್ಲೇ ಕಿಂಡಿ ಮುಚ್ಚೂದು ಹಿರೇಸೊಸಿ ಕೆಲಸ ಅಂತ. ಬಿಸಲ ಬಿದ್ದ ಕೂಡ್ಲೇ ತಗೀತೇನಿ."

"ಪಾಲಾದ ಮ್ಯಾಲೂ?"

ಶಿವಬಸವ್ವ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾರೆ. "ಮಾತ ಬಿಟ್ಟೇವಿ ಅಂತ ಅವರ ಜ್ವಾಳ ತೋಯ್ಸಾಕ ಬರತೈತೇನ ನಾಹಿದಾ?"

ತಗಡು ಮುಚ್ಚಿದರೆ ಕೆಳಗೆ ಚಿತ್ರ ಹೋಗುತ್ತದೆಂದು ಅವರಿಗೆ ಗೊತ್ತೇ ಇಲ್ಲ. ಮಾತಿಲ್ಲದ ಮನೆಯಿಂದ ಸುದ್ದಿ ಮೇಲಕ್ಕೆ ಹತ್ತುವುದಾದರೂ ಹೇಗೆ?

ನಾಹಿದಾ ಇಳಿದು ಬಂದು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ. ಮಾಲತೇಶನ ಹೆಂಡತಿ ರಾಜೇಶ್ವರಿ ಜೋಳದ ಚೀಲ ಮುಟ್ಟಿ ನೋಡುತ್ತಾಳೆ. "ಇಷ್ಟ ಮಳಿ ಆತು, ಒಂದ ಚೀಲ ತೊಯ್ದಿಲ್ಲ. ನಾ ದೇವರ ದಯಾ ಅನ್ಕೊಂಡಿದ್ದೆ" ಎನ್ನುತ್ತಾಳೆ.

ತಗಡು ತೆಗೆದರೆ ಜೋಳ ತೊಯ್ಯುತ್ತದೆ, ಇಟ್ಟರೆ ಚಿತ್ರ ಬರುವುದಿಲ್ಲ. ಬಟ್ಟೆ ಒಗೆಯುವ ಜಾಗಕ್ಕೆ ಹೊದಿಸಿ ಉಳಿದ ಪ್ಲಾಸ್ಟಿಕ್ ಹಾಳೆಯೊಂದು ಮಾಳಿಗೆಯ ಮೂಲೆಯಲ್ಲಿದ್ದದ್ದನ್ನು ನಾಹಿದಾ ನೋಡಿಕೊಂಡು ಬಂದಿದ್ದಾರೆ. ಪ್ಲಾಸ್ಟಿಕ್ಕಿನ ಒಳಗಿಂದ ಸಿಗ್ನಲ್ ಹಾಯುತ್ತದೆ. ಆದರೆ ಹಾಳೆಯ ಮೇಲೆ ನೀರು ನಿಲ್ಲಬಾರದು, ಓರೆಯಾಗಿರಬೇಕು. ಸಾಲದ್ದಕ್ಕೆ ಮಾಲತೇಶ ಸಿಟ್ಟಿನಲ್ಲಿ ಡಿಶ್ಶನ್ನೂ ಅಲ್ಲಾಡಿಸಿಟ್ಟಿದ್ದಾನೆ. ಮೇಲೆ ಹಾಳೆ ಹಿಡಿಯಲು ಒಬ್ಬರು, ಡಿಶ್ ತಿರುವಲು ಒಬ್ಬರು, ಟಿವಿ ಮುಂದೆ ನಿಂತು ಕೂಗಲು ಒಬ್ಬರು ಬೇಕು.

ನಾಹಿದಾ ಕೆಳಗಿನಿಂದ ಕೂಗಿ ಹೇಳಿದ ಮೇಲೆ ಶಿವಬಸವ್ವ ತಗಡು ಸರಿಸಿ ಹಾಳೆ ಹಿಡಿಯುತ್ತಾರೆ. ನಾಹಿದಾ ಡಿಶ್ ಹಿಡಿಯುತ್ತಾರೆ. ಕೂದಲೆಳೆಯಷ್ಟು ಎಡಕ್ಕೆ, ಕೂದಲೆಳೆಯಷ್ಟು ಮೇಲಕ್ಕೆ.

"ಅಕ್ಕಾರ, ಬಂತು ಅಂತ ಅವರಿಗೆ ಹೇಳ್ರಿ" ಎನ್ನುತ್ತಾನೆ ಮಾಲತೇಶ.

"ನಾ ಯಾಕ ಹೇಳ್ಲಿ? ಟಿವಿ ಮುಂದ ನಿಂತಾಂವ ನೀನು. ಕೂಗು."

"ಬಂತು!"

ಆ ಕೂಗು ಮೇಲಕ್ಕೆ ಮುಟ್ಟುವುದಿಲ್ಲ. ಹಾಳೆ ಜರುಗುತ್ತದೆ, ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ.

"ಯಾರಿಗೆ ಹೇಳಿದಿ? ಗ್ವಾಡಿಗೆ ಹೇಳಿದೇನು?" ನಾಹಿದಾ ತಿವಿಯುತ್ತಾರೆ. "ಮ್ಯಾಲಿನವರ ಕೈ ನೋಯಾಕತ್ತಾವು. ಲಗೂ."

ಮಾಲತೇಶ ಹಿಂದಿನ ಕೋಣೆಗೆ ಬಂದು ಬೆಳಕಿಂಡಿಯ ಕೆಳಗೆ ನಿಲ್ಲುತ್ತಾನೆ. ಮೇಲಿರುವ ಅತ್ತಿಗೆಯತ್ತ ತಲೆ ಎತ್ತುತ್ತಾನೆ.

"ವೈನೀ... ತುಸು ಹಿಂದಕ್ಕ ಹಿಡೀರಿ."

ಹಾಳೆ ತುಸು ಹಿಂದಕ್ಕೆ ಜರುಗುತ್ತದೆ. ಆಮೇಲೆ ಮೇಲಿನಿಂದ, "ಇಷ್ಟು ಸಾಕೇನ ಮಾಲತೇಶಾ?"

"ಬಂತೂ!" ಎಂದು ಟಿವಿಯ ಮುಂದಿನಿಂದ ರಾಜೇಶ್ವರಿ ಕೂಗುತ್ತಾಳೆ.

"ಸಾಕ್ರಿ ವೈನಿ. ಹಂಗs ಇರ್ಲಿ."

ನಾಹಿದಾ ಪಾನಾದಿಂದ ಡಿಶ್‌ನ ನಟ್ಟು ಬಿಗಿಯುತ್ತಾರೆ, ಮೇಲೆ ಶಿವಬಸವ್ವ ಹಾಳೆಗೆ ಕಲ್ಲು ಹೇರುತ್ತಾರೆ. ಚಹಾ ಕುಡಿಯುತ್ತ ಕೂತಾಗ ಮಾಲತೇಶ ಗೌಂಡಿಗೆ ಫೋನ್ ಹಚ್ಚುವುದು ಅವರ ಕಿವಿಗೆ ಬೀಳುತ್ತದೆ. "ಸೋಮವಾರ ಬ್ಯಾಡೋ. ಯಾವಾಗ ಅಂದ್ರ... ಬ್ಯಾಡ ಅಂದ್ನಲ್ಲ, ಬಿಡು." ನಾಹಿದಾ ಬಸಿಯಲ್ಲಿ ಚಹಾ ಆರಿಸಿಕೊಳ್ಳುತ್ತಾರೆ.

ಅದೇ ಸಂಜೆ ಮಳೆ ಕಲ್ಲು ಸುರಿದ ಹಾಗೆ ಹೊಡೆಯುತ್ತದೆ. ಊರಿನ ಎಲ್ಲ ಡಿಶ್‌ಗಳೂ ಒಟ್ಟಿಗೆ ಕಣ್ಣು ಮುಚ್ಚುತ್ತವೆ. ನಾಹಿದಾರ ಫೋನಿಗೆ ಬಿಡುವಿಲ್ಲ. "ಮಳಿ ಐತ್ರಿ, ನಿಂತ ಮ್ಯಾಲ ಬರತೈತಿ, ಡಿಶ್ ಮುಟ್ಟಬ್ಯಾಡ್ರಿ" ಎಂದು ಮನೆ ಮನೆಗೂ ಅದೇ ಮಾತು ಹೇಳುತ್ತಾರೆ. ಮಾಲತೇಶನ ಫೋನ್ ಮಾತ್ರ ಬರುವುದಿಲ್ಲ.

ಮರುದಿನ ಓಣಿಯಲ್ಲಿ ಹಾಯುವಾಗ ನಾಹಿದಾ ಅವನನ್ನು ನಿಲ್ಲಿಸುತ್ತಾರೆ. "ನಿನ್ನೆ ಚಿತ್ರ ಹೋಗಲಿಲ್ಲೇನಪಾ?"

"ಹೋಗಿತ್ತರಿ. ನಿಮಗ ಫೋನ್ ಹಚ್ಚಾಕ ಹೊಂಟಿದ್ದೆ. ಅಷ್ಟರಾಗ ವೈನಿ ಕಿಂಡ್ಯಾಗಿಂದ ಒದರಿದ್ರು, ಮಳಿ ಐತಿ, ತಡಕೋ, ಬರತೈತಿ ಅಂತ."

ನಾಹಿದಾ ಚೀಲವನ್ನು ಆ ಸೊಟ್ಟ ಮೊಣಕೈಗೆ ಏರಿಸಿಕೊಂಡು ಮುಂದಿನ ಮನೆಗೆ ಹೊರಡುತ್ತಾರೆ. ಈ ಕೆಲಸದಲ್ಲಿ ಇನ್ನೇನು ಆಸೆಯಿದೆ ಎಂದು ಕೇಳಿದರೆ ನಡೆಯುತ್ತಲೇ ಹೇಳುತ್ತಾರೆ.

"ನಾ ಹೇಳೂ ಮಾತ ಆ ಶಿವಬಸಕ್ಕಾರs ಹೇಳಾಕತ್ತಾರ್ರಿ. ಒಂದ ಗಿರಾಕಿ ಕೈ ಬಿಟ್ಟಂಗ ಆತು. ಹಿಂಗ ಬಿಟ್ಟಹೋಗೂ ಗಿರಾಕಿ ಇನ್ನೂ ನಾಕ ಮಂದಿ ಇದ್ರೂ ನನಗ ಛಲೋನ."