ಲೋಟದಕ್ಕ ಚಹಾ ಕುಡಿಯದ ವಾರಗಳು

ಮಾರ್ಚ್ ೧೧, ೨೦೨೫, ಮಂಗಳವಾರ. ಬೆಳಗ್ಗೆ ಐದು ಗಂಟೆ ನಲವತ್ತು ನಿಮಿಷ. ಕಾಲೇಜಿನ ರಸಾಯನ ವಿಭಾಗದ ಹಿಂದೆ, ಒಂದು ಕಾಲದಲ್ಲಿ ಮುರಿದ ಸ್ಟೂಲುಗಳನ್ನು ತುಂಬಿಡುತ್ತಿದ್ದ ಕೋಣೆಯ ಮುಂದೆ ಹೆಂಗಸೊಬ್ಬರು ಬಾಗಿಲಿಗೆ ಭುಜ ಕೊಟ್ಟು ನಿಂತಿದ್ದಾರೆ. ಬಾಗಿಲಿನ ಮರ ಉಬ್ಬಿದೆ. ಒಳಕ್ಕೆ ದೂಡಿ ಹಿಡಿಯದೆ ಬೀಗ ತಿರುಗುವುದಿಲ್ಲ. ಎಡಗೈಯಲ್ಲಿ ಬಟ್ಟೆಯ ಚೀಲ. ಅದರೊಳಗೆ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿವೆ. ಆ ಸದ್ದಿನಿಂದಲೇ ಗುರುತು ಹಿಡಿದ ಕಾವಲುಗಾರ ಗೇಟಿನಿಂದ ಕೂಗುತ್ತಾನೆ: "ಬಂದ್ರಾ ಅಕ್ಕಾ? ಇವತ್ತಾದ್ರೂ ಟೀ ಕುಡೀತೀರೋ, ಇಲ್ಲಾ ಇವತ್ತೂ ಇಲ್ವೋ?"

"ಅದು ನನ್ನ ಕೈಲಿಲ್ಲಪ್ಪಾ," ಎನ್ನುತ್ತಾ ಅವರು ಒಳಗೆ ಹೋಗುತ್ತಾರೆ.

ಈ ಕಾಲೇಜಿನ ಕ್ರೈಸ್ತ ವಿದ್ಯಾರ್ಥಿ ಕೂಟವನ್ನು ಹತ್ತೊಂಬತ್ತು ವರ್ಷಗಳಿಂದ ನಡೆಸುತ್ತಿರುವವರು ಇವರು. ವಯಸ್ಸು ಐವತ್ತೇಳು. ಚರ್ಚಿನ ಸಭಾಪಾಲಕರಲ್ಲ, ಅಧ್ಯಾಪಕಿಯಲ್ಲ. ಬೆಳಗ್ಗೆ ಹತ್ತರಿಂದ ಸಂಜೆ ಆರರವರೆಗೆ ಒಂದು ಹೊಲಿಗೆ ಅಂಗಡಿಯಲ್ಲಿ ಪ್ಯಾಂಟುಗಳ ಉದ್ದ ಕತ್ತರಿಸುತ್ತಾರೆ, ಕೆಟ್ಟ ಜಿಪ್ಪು ಬದಲಾಯಿಸುತ್ತಾರೆ. ಮಂಗಳವಾರ ಮತ್ತು ಶುಕ್ರವಾರ ತರಗತಿ ಶುರುವಾಗುವ ಮುಂಚೆ ಒಂದು ಗಂಟೆ ಕೂಟ. ಒಂದು ಹಾಡು, ಸತ್ಯವೇದದ ಓದು, ಮಾತು, ಪ್ರಾರ್ಥನೆ, ಚಹಾ, ಹೊರಡುವ ಮುನ್ನ ಇನ್ನೊಂದು ಹಾಡು. ಉಳಿದ ದಿನಗಳಲ್ಲಿ ಅಂಗಡಿ ಮುಗಿಸಿ ಹಾಸ್ಟೆಲಿನಲ್ಲಿ ಜ್ವರ ಬಂದು ಮಲಗಿದವರನ್ನು ನೋಡಿ ಬರುತ್ತಾರೆ. ಪರೀಕ್ಷೆಯ ಕಾಲದಲ್ಲಿ ಈ ಕೋಣೆಯನ್ನು ಓದುವವರಿಗೆ ತೆರೆದಿಟ್ಟು ಮೂಲೆಯಲ್ಲಿ ಗುಂಡಿ ಹೊಲಿಯುತ್ತಾ ಕೂರುತ್ತಾರೆ. ವಿದ್ಯಾರ್ಥಿಗಳು ಇವರನ್ನು ಕರೆಯುವುದು ಲೋಟದಕ್ಕ ಎಂದು.

ಲೋಟದಕ್ಕ ಇಲ್ಲಿಗೆ ಮೊದಲು ಬಂದದ್ದು ಕಿಟಕಿಗೆ ಪರದೆ ಹೊಲಿದುಕೊಡಲು. ಆಗ ಕೂಟ ನಡೆಸುತ್ತಿದ್ದವರು ಗಣಿತದ ಅಧ್ಯಾಪಕರೊಬ್ಬರು. ಪರದೆ ತೂಗುಹಾಕುವಷ್ಟರಲ್ಲಿ ಚಹಾ ಮಾಡುವ ಹುಡುಗಿ ಬಂದಿಲ್ಲವೆಂದು ತಿಳಿಯಿತು. ಅಕ್ಕ ಸ್ಟೌ ಹಚ್ಚಿದರು. ಮುಂದಿನ ವಾರವೂ ಹಚ್ಚಿದರು. ಮೂರನೇ ವರ್ಷ ಅಧ್ಯಾಪಕರಿಗೆ ವರ್ಗವಾಯಿತು. ಆ ಜಾಗಕ್ಕೆ ಯಾರೂ ಬರಲಿಲ್ಲ.

"ಹುಡುಗ್ರು ಬಂದು ನೀವೇ ನಡೆಸಿ ಅಂದ್ವು. ನಂಗೆ ಬೋಧನೆ, ಪ್ರಸಂಗ ಮಾಡೋಕೆ ಬರಲ್ಲ ಕಣ್ರೋ ಅಂದೆ. 'ಅದಕ್ಕೇ ಅಕ್ಕಾ ನಿಮ್ಮನ್ನ ಕೇಳ್ತಿರೋದು' ಅಂದ್ವು ಕಳ್ಳನನ್ಮಕ್ಳು," ಎಂದು ನಗುತ್ತಾರೆ.

ಆರೂಕಾಲಿಗೆ ಹದಿಮೂರು ಮಂದಿ ಸೇರಿದ್ದಾರೆ. ಅರ್ಧಕ್ಕರ್ಧ ಜನರ ಕೂದಲು ಒದ್ದೆ, ಇಬ್ಬರ ಕಣ್ಣು ಇನ್ನೂ ಪೂರ್ತಿ ತೆರೆದಿಲ್ಲ. ಉದ್ದನೆಯ ಮೇಜಿನ ಮೇಲೆ ಲೋಟಗಳು ಸಾಲಾಗಿ ನಿಂತಿವೆ. ಪ್ರತಿಯೊಂದರ ಬದಿಗೂ ಒಂದೊಂದು ಬಣ್ಣದ ದಾರ ಸುತ್ತಿದೆ. ಯಾರ ಬಣ್ಣ ಯಾವುದೆಂದು ಅವರವರಿಗೆ ಗೊತ್ತು. ಒಬ್ಬೊಬ್ಬರೂ ಬಂದು ತಮ್ಮ ಲೋಟವನ್ನು ತಮ್ಮ ಮುಂದಕ್ಕೆ ಎಳೆದುಕೊಳ್ಳುತ್ತಾರೆ. ನೀಲಿ ದಾರದ ಲೋಟವನ್ನು ಎಳೆದುಕೊಂಡವನು ಅದನ್ನು ಬೋರಲು ಹಾಕುತ್ತಾನೆ. ಯಾರೂ ಅವನ ಮುಖ ನೋಡುವುದಿಲ್ಲ. ಅಕ್ಕ ತಮ್ಮ ಬಿಳಿ ದಾರದ ಲೋಟವನ್ನು ಎತ್ತಿ, ಅದನ್ನೂ ಬೋರಲು ಹಾಕುತ್ತಾರೆ.

ಇಲ್ಲಿನ ಪದ್ಧತಿ ಇದು. ಮನಸ್ಸಿನಲ್ಲಿ ಭಾರ ಇಟ್ಟುಕೊಂಡವರು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಲೋಟ ಬೋರಲು ಹಾಕಿದರೆ ಸಾಕು. ಯಾಕೆ ಎಂದು ಯಾರೂ ಕೇಳುವಂತಿಲ್ಲ. ಈ ಬಾಗಿಲಿನಾಚೆ ಅದರ ಮಾತೆತ್ತುವಂತಿಲ್ಲ. ಆ ಲೋಟವನ್ನು ನೋಡುತ್ತಾ ಎಲ್ಲರೂ ಒಂದಷ್ಟು ಹೊತ್ತು ಮನಸ್ಸಿನಲ್ಲೇ ಪ್ರಾರ್ಥಿಸುತ್ತಾರೆ. ಆಮೇಲೆ ಉಳಿದವರಿಗೆ ಚಹಾ ಬರುತ್ತದೆ. ಆದರೆ ಒಂದೇ ಒಂದು ಲೋಟ ಬೋರಲಾಗಿದ್ದರೂ ಅಕ್ಕ ಚಹಾ ಮುಟ್ಟುವುದಿಲ್ಲ. ಕೂಟದಲ್ಲಷ್ಟೇ ಅಲ್ಲ, ಅಂಗಡಿಯಲ್ಲೂ ಇಲ್ಲ, ಮನೆಯಲ್ಲೂ ಇಲ್ಲ. ಆ ಲೋಟ ನೆಟ್ಟಗಾಗುವವರೆಗೆ ಬಿಸಿನೀರೇ ಗತಿ.

ಚಹಾ ಎಂದರೆ ಇವರಿಗೆ ಪ್ರಾಣ. ಅದನ್ನು ಹೇಳಲು ಸಿಟಿ ಬಸ್ಸಿನ ಚಾಲಕರಾಗಿರುವ ಗಂಡನಿಗಿಂತ ಒಳ್ಳೆಯ ಸಾಕ್ಷಿ ಸಿಗಲಾರದು. "ಮದುವೆಯಾದ ಹೊಸತರಲ್ಲಿ ದಿನಕ್ಕೆ ಏಳು ಟೀ ಕುಡೀತಿದ್ಲು ರೀ. ಇವಳನ್ನ ಸಾಕೋಕೆ ಒಂದು ಹಸು ಕಟ್ಬೇಕು ಅಂತಿದ್ರು ನಮ್ಮಮ್ಮ. ಈಗ ನೋಡಿ, ಆರು ವಾರದಿಂದ ಮನೇಲಿ ನಾನೊಬ್ಬನೇ ಕುಡೀತಿದೀನಿ. ಕದ್ದು ಕುಡಿದ ಹಾಗಾಗತ್ತೆ. ಯಾವನಪ್ಪಾ ಅವನು, ಬೇಗ ಸುಧಾರಿಸ್ಕೊಳ್ಳೋ ಮಾರಾಯ ಅಂತ ನಾನೂ ಬೇಡ್ಕೊಳ್ತೀನಿ. ನಾನು ಅಷ್ಟೇನೂ ಪ್ರಾರ್ಥನೆ ಮಾಡೋನಲ್ಲ."

"ಯಾರು ಅಂತ ಗಂಡನಿಗೂ ಹೇಳಿಲ್ವಾ?" ಎಂದರೆ ಅಕ್ಕ ತಲೆಯಾಡಿಸುತ್ತಾರೆ. "ಒಂದ್ಸಲ ಹೇಳಿ ಕೆಟ್ಟೋಳು ನಾನು."

ಅದು ಹನ್ನೊಂದು ವರ್ಷದ ಹಿಂದಿನ ಮಾತು. ಆಗ ಎಲ್ಲ ಕೂಟಗಳಂತೆ ಇಲ್ಲಿಯೂ ಪ್ರಾರ್ಥನೆಯ ಬೇಡಿಕೆಗಳನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದರು. ಎರಡನೇ ವರ್ಷದ ಹುಡುಗಿಯೊಬ್ಬಳು ಎರಡು ವಿಷಯಗಳಲ್ಲಿ ಫೇಲಾಗಿದ್ದಳು. ಮನೆಯಲ್ಲಿ ಹೇಳಿರಲಿಲ್ಲ, ಅಕ್ಕನಿಗೆ ಮಾತ್ರ ಹೇಳಿದ್ದಳು. ಆ ಶುಕ್ರವಾರ ಅಕ್ಕ ಕಣ್ಣುಮುಚ್ಚಿ ತಮ್ಮ ನಡುವೆ ಇರುವ ಒಬ್ಬ ಮಗಳಿಗಾಗಿ ಗಟ್ಟಿಯಾಗಿ ಪ್ರಾರ್ಥಿಸಿದರು: ಪರೀಕ್ಷೆ ಹೋದದ್ದನ್ನು ಅಪ್ಪನಿಗೆ ಹೇಳುವ ಧೈರ್ಯ ಅವಳಿಗೆ ಕೊಡು, ಸ್ವಾಮಿ. ಹೆಸರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಅದೇ ಸಾಲಿನಲ್ಲಿ ಹುಡುಗಿಯ ಚಿಕ್ಕಪ್ಪನ ಮಗ ಕೂತಿದ್ದ. ಸಂಜೆಯೊಳಗೆ ಸುದ್ದಿ ಮನೆ ಮುಟ್ಟಿತು. ಹುಡುಗಿ ಮತ್ತೆ ಈ ಕೋಣೆಗೆ ಬರಲಿಲ್ಲ; ಮರುತಿಂಗಳು ಕಾಲೇಜಿಗೂ ಬರಲಿಲ್ಲ.

"ನಾಲ್ಕು ವರ್ಷ ಆದ್ಮೇಲೆ ಬಸ್ ಸ್ಟಾಪಲ್ಲಿ ಸಿಕ್ಕಿದ್ಲು. ಮುಖ ತಿರುಗಿಸ್ಲಿಲ್ಲ, ಜಗಳ ಆಡ್ಲಿಲ್ಲ. 'ದೇವರಿಗೆ ಹೇಳ್ತಿದೀನಿ ಅಂದ್ಕೊಂಡ್ರಿ ಅಕ್ಕಾ. ನೀವು ಹೇಳಿದ್ದು ಹದಿನೈದು ಜನಕ್ಕೆ' ಅಂದ್ಲು. ಬಸ್ ಬಂತು, ಹತ್ತಿ ಹೋದ್ಲು. ಅಷ್ಟೇ." ಅಕ್ಕ ಕೆಟಲಿನ ಮುಚ್ಚಳವನ್ನು ಒರೆಸುತ್ತಲೇ ಇರುತ್ತಾರೆ, ಅದು ಆಗಲೇ ಒಣಗಿದ್ದರೂ.

ಹುಡುಗಿ ಬಿಟ್ಟುಹೋದ ಮುಂದಿನ ಕೂಟದಲ್ಲಿ ಒಬ್ಬರೂ ಬೇಡಿಕೆ ಹೇಳಲಿಲ್ಲ. ಕೆಟಲ್ ಬಂದಾಗ ಒಬ್ಬ ಹುಡುಗ ಬೇಡವೆಂದು ಲೋಟ ಬೋರಲು ಹಾಕಿದ. ಅದರ ಮೇಲೆ ಅಂಗೈ ಒತ್ತಿ ಕೂತ. 'ಯಾಕೋ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ ಎನ್ನುತ್ತಾರೆ ಅಕ್ಕ. ತಮಗೂ ಚಹಾ ಹೋಗಲಿಲ್ಲ. ಹತ್ತು ದಿನ ಕಳೆದ ಮೇಲೆ ಹುಡುಗ ತಾನಾಗಿ ಲೋಟ ನೆಟ್ಟಗೆ ಮಾಡಿದ. ಪದ್ಧತಿ ಹುಟ್ಟಿದ್ದು ಹೀಗೆ. ಯಾರೂ ಕೂತು ಯೋಚಿಸಿ ಮಾಡಿದ್ದಲ್ಲ.

ಇದರಲ್ಲಿ ಅಪಾಯವಿಲ್ಲವೇ ಎಂಬ ಪ್ರಶ್ನೆ ಸಹಜ. ಬೋರಲಿಟ್ಟವರು ನಿಜಕ್ಕೂ ದೊಡ್ಡ ಕಷ್ಟದಲ್ಲಿದ್ದರೆ? ಗೋಡೆಯ ಮೇಲೆ, ಎಲ್ಲರ ಕಣ್ಣಿಗೆ ಬೀಳುವ ಎತ್ತರದಲ್ಲಿ, ಕಾಲೇಜಿನ ವೈದ್ಯೆಯ ಮತ್ತು ಆಪ್ತಸಮಾಲೋಚಕರ ಫೋನ್ ಸಂಖ್ಯೆಗಳಿವೆ. ಅಕ್ಕನ ಉತ್ತರ ಅದಕ್ಕಿಂತ ಚಿಕ್ಕದು: "ಕೇಳಲ್ಲ. ಆದ್ರೆ ಬಿಡೋದೂ ಇಲ್ಲ." ಕೂಟ ಮುಗಿದ ಮೇಲೆ ಬೋರಲಿಟ್ಟವರ ಜೊತೆ ಅವರು ಹೋಗುವಲ್ಲಿಯವರೆಗೆ ನಡೆದು ಹೋಗುತ್ತಾರೆ. ಮಾತು ಫುಟ್‌ಬಾಲಿನದೋ, ಕ್ಯಾಂಟೀನಿನ ಬ್ರೆಡ್ಡಿನದೋ ಇರುತ್ತದೆ. ಕೆಲವೊಮ್ಮೆ ಮಾತೇ ಇರುವುದಿಲ್ಲ. ಹೊರಗಿನಿಂದ ನೋಡಿದವರಿಗೆ ಇದರಲ್ಲಿ ಕೆಲಸವೇ ಕಾಣದು. ಆದರೆ ಇಷ್ಟವಾದದ್ದೊಂದನ್ನು ಬಿಟ್ಟು, ಕಾರಣ ಕೇಳದೆ, ಮತ್ತೊಬ್ಬರ ಪಕ್ಕದಲ್ಲಿ ವಾರಗಟ್ಟಲೆ ನಡೆಯುವುದು ಎಷ್ಟು ಕಷ್ಟವೆಂದು ಒಂದು ಬೆಳಗು ಅವರ ಹಿಂದೆ ನಡೆದರೂ ಗೊತ್ತಾಗುತ್ತದೆ.

ನೀಲಿ ದಾರದ ಹುಡುಗನನ್ನು ಕೂಟದಲ್ಲಿ ಕಂಬ ಎಂದು ಕರೆಯುತ್ತಾರೆ. ಬಾಗಿಲಲ್ಲಿ ತಲೆ ಬಗ್ಗಿಸದೆ ಒಳಗೆ ಬರಲಾರ. ಅಂತಿಮ ವರ್ಷ. ಗಿಟಾರ್ ಅವನದೇ, ಹಾಡು ಎತ್ತಿಕೊಡುವವನೂ ಅವನೇ. ಅವನ ವಿಷಯ ಇಲ್ಲಿ ಬರೆಯುತ್ತಿರುವುದು ಅವನೇ ಒಪ್ಪಿದ್ದರಿಂದ. "ಬರೀರಿ. ನನ್ನ ಹಾಗೆ ಇನ್ಯಾವನಾದ್ರೂ ಎಲ್ಲೋ ಕೂತಿರಬಹುದು," ಎಂದ.

ಕಳೆದ ಜುಲೈನಲ್ಲಿ ಅವನ ತಂದೆ ಆಸ್ಪತ್ರೆಯಲ್ಲಿದ್ದಾಗ ಈ ಕೂಟ ಬಿಡುವಿಲ್ಲದೆ ಪ್ರಾರ್ಥಿಸಿತ್ತು. ತಂದೆ ಉಳಿಯಲಿಲ್ಲ. ಕಂಬ ಎರಡು ವಾರ ಕಳೆದು ಬಂದ, ಗಿಟಾರ್ ಎತ್ತಿಕೊಂಡ, ಹಾಡಿದ. ಎಷ್ಟು ಗಟ್ಟಿ ಹುಡುಗ ಎಂದು ಎಲ್ಲರೂ ಬೆನ್ನು ತಟ್ಟಿದರು. ಜನವರಿ ಕೊನೆಯಲ್ಲಿ ಲೋಟ ಬೋರಲಾಯಿತು. ಅಂದಿನಿಂದ ಅಕ್ಕ ಅವನ ಜೊತೆ ಗ್ರಂಥಾಲಯದ ಮೆಟ್ಟಿಲವರೆಗೆ ನಡೆಯುತ್ತಿದ್ದಾರೆ. ಇವನನ್ನೂ ಕಳೆದುಕೊಂಡುಬಿಡುತ್ತೇನೆಯೇ ಎಂಬ ಭಯ ಅವರಿಗಿದೆ. ಬಸ್ ಸ್ಟಾಪಿನ ಮಾತು ಹೇಳಿ ಮುಗಿಸಿದ ಮೇಲೆ ಅವರು ಇಷ್ಟೇ ಸೇರಿಸಿದ್ದು: "ಒಬ್ಬಳನ್ನ ಹೇಳಿ ಕಳ್ಕೊಂಡೆ. ಈಗ ಕೇಳದೇನೇ ಇನ್ನೊಬ್ಬನ್ನ ಕಳ್ಕೊಂಡ್ರೆ?"

ಇಂದು ಓದು ಮುಗಿದಿದೆ. ಮೌನ ಪ್ರಾರ್ಥನೆ ಮುಗಿದಿದೆ. ಹನ್ನೆರಡು ಲೋಟಗಳಿಗೆ ಚಹಾ ಬಿದ್ದಿದೆ. ಕೊನೆಯ ಹಾಡಿಗೆ ಎಲ್ಲರೂ ಕಂಬನ ಕಡೆ ನೋಡುತ್ತಾರೆ. ಅವನು ಗಿಟಾರನ್ನು ಚೀಲಕ್ಕೆ ಹಾಕಿ ಜಿಪ್ಪು ಎಳೆಯುತ್ತಿದ್ದಾನೆ.

"ನಾನು ಇನ್ಮೇಲೆ ಹಾಡಲ್ಲ," ಎನ್ನುತ್ತಾನೆ. "ಎಂಟು ತಿಂಗಳಿಂದ ಬರೀ ಬಾಯಿ ಹಾಡ್ತಿದೆ. ನನಗೆ... ಅಲ್ಲಿ ಯಾರಾದ್ರೂ ಕೇಳಿಸ್ಕೊಳ್ತಿದಾರೆ ಅಂತಾನೇ ಅನ್ಸಲ್ಲ. ನೀವೆಲ್ಲ ಕಣ್ಣು ಮುಚ್ಕೊಂಡಿರ್ತೀರ, ನಾನು ಕಿಟಕಿ ನೋಡ್ತಿರ್ತೀನಿ. ಇದನ್ನ ಇಲ್ಲಿ ಹೇಗೆ ಹೇಳೋದು? ಹೇಳಿದ್ರೆ ಇಲ್ಲಿ ನನಗೇನು ಕೆಲಸ?"

ಪ್ರಾರ್ಥನೆಯ ಕೋಣೆಯಲ್ಲಿ ಇದಕ್ಕಿಂತ ಭಾರವಾದ ಮಾತು ಇರಲಾರದು. ಯಾರೋ ಬುದ್ಧಿ ಹೇಳಲು ಬಾಯಿ ತೆರೆಯುತ್ತಾರೆ. ಅಕ್ಕ ಒಂದು ಬೆರಳೆತ್ತಿದರೆ ಆ ಬಾಯಿ ಮುಚ್ಚುತ್ತದೆ. ಕೊನೆಗೆ ಮಾತಾಡುವುದು, ಎಲ್ಲರೂ ಬಾಯಿಬಡುಕಿ ಎನ್ನುವ ಎರಡನೇ ವರ್ಷದ ಹುಡುಗಿ.

"ಹಾಡಿನ ಶ್ರುತಿ ತಪ್ಪಿದ್ದು ನಮಗೆಲ್ಲ ಗೊತ್ತಿತ್ತು ಕಣಣ್ಣಾ. ಗಿಟಾರ್ ಹಾಳಾಗಿದೆ ಅಂದ್ಕೊಂಡಿದ್ವಿ."

ಕಂಬನಿಗೆ ಮೊದಲು ನಗು ಬರುತ್ತದೆ, ಹಿಂದೆಯೇ ಅಳು. ಅಕ್ಕ ಅವನು ಅಳುವುದನ್ನು ತಡೆಯುವುದಿಲ್ಲ. ಮುಗಿದ ಮೇಲೆ ಹೇಳುತ್ತಾರೆ:

"ಹಾಡಬೇಡ. ಯಾರು ಹಾಡು ಅಂದ್ರು? ಲೋಟ ತೊಳಿ. ಹದಿನಾಲ್ಕು ಲೋಟ ತೊಳೆದು ತೊಳೆದು ನನ್ನ ಸೊಂಟ ಬಿದ್ದೋಗಿದೆ."

"ನಂಬಿಕೆ ಇಲ್ದೇನೂ ಬರಬಹುದಾ ಅಕ್ಕಾ?"

"ನಂಬಿಕೆ ತಗೊಂಡು ಬಾ ಅಂತ ನಾನು ಯಾವತ್ತು ಬಾಗಿಲಲ್ಲಿ ನಿಂತು ಕೇಳಿದೀನಿ? ಬಾಗಿಲು ತೆಗೆಯೋದೇ ಸಾಕಾಗಿರತ್ತೆ ನಂಗೆ. ನಿಂಗೆ ಆಗದಿದ್ದಾಗ ನಾವು ನಂಬ್ತೀವಿ, ನಿನ್ನ ಪಾಲಿಂದೂ ಸೇರಿಸಿ. ನೀನು ಬಂದು ಕೂತ್ಕೋ."

ಕಂಬ ಬಹಳ ಹೊತ್ತು ನೀಲಿ ದಾರವನ್ನು ಬೆರಳಿನಿಂದ ಸವರುತ್ತಾನೆ. "ಇದೇನೂ ಸರಿಹೋಗಿಲ್ಲ ಅಕ್ಕಾ. ಹಾಗೇ ಇದೆ."

"ಇರಲಿ ಬಿಡು. ಒಬ್ಬನೇ ಹೊತ್ಕೊಂಡಿದ್ದೆ, ಈಗ ಹದಿಮೂರು ಜನ ಇದೀವಲ್ಲ. ನನ್ನ ಟೀಗೋಸ್ಕರ ಮಾತ್ರ ಎತ್ತಬೇಡ."

ಅವನು ಲೋಟವನ್ನು ನೆಟ್ಟಗೆ ಮಾಡುತ್ತಾನೆ. ಆಮೇಲೆ ಮೇಜಿನಾಚೆಗೆ ಕೈಚಾಚಿ ಬಿಳಿ ದಾರದ ಲೋಟವನ್ನೂ ನೆಟ್ಟಗೆ ಮಾಡಿ, ಕೆಟಲ್ ಎತ್ತಿ, ಮೊದಲು ಅದಕ್ಕೆ ಸುರಿಯುತ್ತಾನೆ. ಚಹಾ ಕುದ್ದು ಕುದ್ದು ಕಪ್ಪಗಾಗಿದೆ. ಬಾಯಿಬಡುಕಿ ಕಿಟಕಿ ತೆರೆದು ಗೇಟಿನ ಕಡೆ ಕೂಗುತ್ತಾಳೆ: "ಅಣ್ಣಾ, ಅಕ್ಕ ಟೀ ಕುಡೀತಿದಾರೆ!" ಅತ್ತಲಿಂದ ಕಾವಲುಗಾರನ ಸೀಟಿ ಕೇಳುತ್ತದೆ.

ಇನ್ನೇನಾದರೂ ಆಸೆಯಿದೆಯೇ ಎಂದು ಕೇಳಿದ್ದಕ್ಕೆ ಅಕ್ಕ ಎರಡೂ ಕೈಗಳಲ್ಲಿ ಲೋಟ ಹಿಡಿದುಕೊಂಡು ಯೋಚಿಸುತ್ತಾರೆ. "ಆ ಬಸ್ ಸ್ಟಾಪ್ ಹುಡುಗಿ ಒಂದ್ಸಲ ಬಂದು ಇಲ್ಲಿ ಕೂತು ಟೀ ಕುಡೀಬೇಕು. ಮಾತೇನೂ ಬೇಡ." ಅಷ್ಟು ಹೇಳಿ ಕಣ್ಣುಮುಚ್ಚಿ ಮೊದಲ ಗುಟುಕು ತೆಗೆದುಕೊಳ್ಳುತ್ತಾರೆ, ಕೊನೆಯ ಗುಟುಕಿನವರೆಗೆ ಒಂದೂ ಮಾತಾಡುವುದಿಲ್ಲ.

ಆರು ವಾರ ಅಕ್ಕ ಮುಟ್ಟದೆ ಬಿಟ್ಟ ಚಹಾ ಒಂದು ಸಲಕ್ಕೆ ಎಷ್ಟೆಂದು ತಿಳಿಯಲು, ಕೂಟ ಮುಗಿದ ಮೇಲೆ ರಸಾಯನ ವಿಭಾಗದ ಅಳತೆ ಜಾಡಿಯಿಂದ ಆ ಲೋಟಕ್ಕೆ, ಚಹಾ ನಿಂತಿದ್ದ ಗೆರೆಯವರೆಗೆ ನೀರು ಸುರಿದು ನೋಡಿದಾಗ ಸಿಕ್ಕ ಅಳತೆ: ನೂರೈವತ್ತು ಮಿಲಿಲೀಟರ್.