ಶಾರವ್ವ ಹಿಂಡಿದ ಬಟ್ಟೆ

ಬೆಳಗಿನ ಐದೂವರೆ. ಇಳಕಲ್ಲಿನ ಖಾಸಗಿ ಆಸ್ಪತ್ರೆಯೊಂದರ ಹಿಂದಿನ ತಗಡಿನ ಕೋಣೆಯಲ್ಲಿ ಮಹಾದೇವಿ ನೆಲ ಒರೆಸುವ ಮಾಪಿನ ಬಟ್ಟೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುತ್ತಿದ್ದಾರೆ. ನೂಲು ಕಿತ್ತಿದ್ದು ಒಂದು ಕಡೆ, ಕೋಲಿಗೆ ಅಂಟುವ ಪಟ್ಟಿ ಸಡಿಲಾಗಿದ್ದು ಇನ್ನೊಂದು ಕಡೆ. ಏಳಕ್ಕೆ ವಾರ್ಡು ಒರೆಸುವವರು ಬರುವಷ್ಟರಲ್ಲಿ ಅರವತ್ತು ಬಟ್ಟೆ ತಯಾರಾಗಬೇಕು. ಒಗೆದು, ಹೊಲಿದು ಮತ್ತೆ ಬಳಸುವ ಈ ಬಟ್ಟೆ ಇವರ ಕೈಯಲ್ಲಿ ವರ್ಷಗಟ್ಟಲೆ ಬಾಳುತ್ತದೆ. ಇವರ ಬಟ್ಟೆ ಒಪ್ಪ ಮಾಡಿದ ನೆಲದ ಮೇಲೆ ಎಷ್ಟೋ ಸಲ ಚಪ್ಪಲಿಯಲ್ಲೇ ನಡೆದಿದ್ದೇನೆ. ಈ ಕೋಣೆ ಇದೆಯೆಂದೇ ನನಗೆ ಗೊತ್ತಿರಲಿಲ್ಲ.

ನಲವತ್ತೆಂಟರ ಮಹಾದೇವಿ ನೇಕಾರರ ಮನೆಯವರು. ಸೀರೆಯ ಮೈಗೆ ಸೆರಗನ್ನು ನೂಲಿನ ಕೊಂಡಿ ಹಾಕಿ ಕೂಡಿಸುತ್ತಿದ್ದ ಬೆರಳುಗಳು ಆರು ವರ್ಷದಿಂದ ಮಾಪಿನ ಕುಣಿಕೆ ಕೂಡಿಸುತ್ತಿವೆ. "ಬಳಗದಾಗ ದವಾಖಾನ್ಯಾಗ ಹೊಲಿಗಿ ಕೆಲಸ ಅಂತ ಹೇಳ್ತೇನ್ರಿ. ಏನ್ ಹೊಲೀತೀ ಅಂದ್ರ ಮಾತು ಹಾರಸ್ತೇನಿ."

ಅವರನ್ನು ಒಳಗೇ ತಿನ್ನುವ ನಾಚಿಕೆ ಇನ್ನೊಂದಿದೆ. ಹೋದ ಶ್ರಾವಣದಲ್ಲಿ ಬಂದ ಹೊಸ ಬಟ್ಟೆಗಳು ಒಗೆದೊಡನೆ ಮುದುಡುತ್ತಿದ್ದವು. ಮಗ್ಗದ ನೂಲಿಗೆ ಗಂಜಿ ಕೊಟ್ಟು ಪಳಗಿದ ಕೈ. ಯಾರನ್ನೂ ಕೇಳದೆ ಇವಕ್ಕೂ ಗಂಜಿ ಕೊಟ್ಟುಬಿಟ್ಟರು. ಬಟ್ಟೆಗಳೇನೋ ನೆಟ್ಟಗೆ ನಿಂತವು. ಮರುದಿನ ಗಂಜಿ ನೀರಿಗೆ ಬಿಟ್ಟು ವಾರ್ಡಿನ ನೆಲ ಜಾರತೊಡಗಿತು. ಒರೆಸುತ್ತಿದ್ದ ಶಾರವ್ವ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ಬಟ್ಟೆ ಸರಿಯಾಗಿ ಹಿಂಡಿಲ್ಲವೆಂದು ಮೇಲ್ವಿಚಾರಕರು ಎಲ್ಲರೆದುರು ಅವರನ್ನೇ ಬೈದರು.

"ನಾ ಅಲ್ಲೇ ನಿಂತಿದ್ನಿರಿ ಅಕ್ಕಾರ. ನೆಲಕ್ಕ ಬೆರಳಾಡಿಸಿದ ಕೂಡ್ಲೇ ಗಂಜಿ ಅಂತ ಗೊತ್ತಾತು. ಬಾಯಿ ಬಿಡ್ಲಿಲ್ಲ. ನಾಕ್ ದಿನ ಬಿಡ್ಲಿಲ್ಲ. ಆಕಿ ಅಳಾಕತ್ತಿದ್ಲು, ನಾ ಸೂಜಿಗೆ ದಾರ ಪೋಣಿಸ್ಕೋತ ಕುಂತಿದ್ನಿ."

ಐದನೆಯ ದಿನ ಒಪ್ಪಿಕೊಂಡರು, ಮೇಲ್ವಿಚಾರಕರ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು. ಶಾರವ್ವನಿಗೂ ಹೇಳಿದರು. ಆದರೆ ಬೈಗುಳ ಕೇಳಿದ್ದು ಇಡೀ ಆಸ್ಪತ್ರೆ, ತಪ್ಪೊಪ್ಪಿಗೆ ಕೇಳಿದ್ದು ಇಬ್ಬರೇ. ಹಿಂಡಲು ಬಾರದವಳು ಎಂಬ ಹೆಸರು ಶಾರವ್ವನಿಗೆ ಇವತ್ತಿಗೂ ಅಂಟಿಕೊಂಡಿದೆ.

ಏಳಾಗುತ್ತದೆ. ಶಾರವ್ವ ಬಂದು ಎಡಗೈ ಚಾಚುತ್ತಾರೆ. ಬಲಗೈ ಮಣಿಕಟ್ಟು ಇನ್ನೂ ಪೂರ್ತಿ ಬಾಗುವುದಿಲ್ಲ. ಹಗುರಾದ ಬಟ್ಟೆಗಳನ್ನು ಮಹಾದೇವಿ ಅವರಿಗೆಂದೇ ತೆಗೆದಿಟ್ಟಿದ್ದಾರೆ.

"ಇವತ್ತ ಗಂಜಿ ಹಾಕಿಲ್ಲಲಾ ಮಾದೇವಿ?" ಎಂದು ಶಾರವ್ವ ನಗುತ್ತಾರೆ. ಮಹಾದೇವಿಗೆ ನಗು ಬರುವುದಿಲ್ಲ. ಶಾರವ್ವ ಅತ್ತ ಹೋಗುವವರೆಗೆ ತಲೆ ಎತ್ತುವುದೂ ಇಲ್ಲ.

ನಾನು ಪತ್ರಿಕೆಗೆಂದು ಫೋಟೊ ಕೇಳುತ್ತೇನೆ. "ಫೋಟೋ ಬ್ಯಾಡ್ರಿ. ಹೆಸರು ಬರೀರಿ. ಗಂಜಿ ಹಾಕಿದಾಕಿ ಮಾದೇವಿ, ಮಾಪಿನ ಬಟ್ಟಿ ಹೊಲಿಯಾಕಿ ಅಂತ ಬರೀರಿ."

"ಬಳಗದವರೂ ಓದುತ್ತಾರಲ್ಲ?"

ಸೂಜಿ ನಿಲ್ಲುತ್ತದೆ. "ಓದ್ಲಿ. ಶಾರವ್ವ ಅವತ್ತ ಬಟ್ಟಿ ಛಲೋ ಹಿಂಡಿದ್ಲು. ಅದನ್ನ ದೊಡ್ಡ ಅಕ್ಷರದಾಗ ಹಾಕ್ರಿ."