ಜರ್ಮನ್ ಹುಡುಗನಿಗೆ ಮೊಸರನ್ನ

ಟೆಕ್ಸಾಸ್‌ನ ರೌಂಡ್ ರಾಕ್‌ನಿಂದ ಶುಗರ್ ಲ್ಯಾಂಡ್‌ಗೆ ಡ್ರೈವ್ ಮಾಡುವಾಗ ನಮ್ಮತ್ತೆಗೆ ಕಾಲು ಜೋಮು ಹಿಡಿಯಿತು. ಕಾರು ನಿಲ್ಲಿಸಿದರೆ ಎದುರಿಗೆ ಸ್ಮಶಾನ. ಎರಡನೇ ಮಹಾಯುದ್ಧದಲ್ಲಿ ಸೆರೆಸಿಕ್ಕಿ, ಇಲ್ಲಿನ ಹತ್ತಿ ಹೊಲಗಳಲ್ಲಿ ದುಡಿದು ಸತ್ತ ಜರ್ಮನ್ ಸೈನಿಕರ ಸಮಾಧಿಗಳು. ವಯಸ್ಸಾದ ಅಮೆರಿಕನ್ ಹೆಂಗಸೊಬ್ಬರು ಒಂದು ಕಲ್ಲನ್ನು ತೊಳೆಯುತ್ತಿದ್ದರು.

"ಆ ಸತ್ತವನು ಇವರಿಗೆ ಏನಾಗ್ಬೇಕಂತೆ, ಕೇಳು," ಅಂದರು ಅತ್ತೆ.

ಕೇಳಿದೆ. ಏನೂ ಆಗಬೇಕಿಲ್ಲವಂತೆ. ಹುಡುಗ ಇವರ ತಾತನ ಹೊಲದಲ್ಲಿ ಕೆಲಸಕ್ಕಿದ್ದನಂತೆ, ಜ್ವರ ಬಂದು ಹೋದನಂತೆ. "ಅವನ ಮನೆಯವರು ಯಾರೂ ಬರಲೇ ಇಲ್ಲ. ಮೊದಲು ನಮ್ಮಮ್ಮ ಬರ್ತಿದ್ರು, ಈಗ ನಾನು," ಅಂದರು.

ಸ್ಮಶಾನದ ಹೆಸರೆತ್ತಿದರೂ ಸ್ನಾನಕ್ಕೆ ಓಡುವ ನಮ್ಮತ್ತೆ, ಕಾರಿನಿಂದ ಮೊಸರನ್ನದ ಡಬ್ಬಿ ತಂದು, ಚಪ್ಪಲಿ ಬಿಟ್ಟು ಒಳಗೆ ಬಂದರು. ಪೇಪರ್ ಪ್ಲೇಟಿನಲ್ಲಿ ಒಂದು ತುತ್ತು ಹಾಕಿ ಕಲ್ಲಿನ ಮುಂದಿಟ್ಟರು.

"ಅತ್ತೆ, ಇಲ್ಲಿ ತಿಂಡಿ ಇಡಬಾರದು ಅಂತ ಬೋರ್ಡಿದೆ."

"ಸುಮ್ನಿರೇ. ಎಷ್ಟು ಹಸ್ಕೊಂಡಿದೆಯೋ ಮಗು. ಕಾಗೆ ಮುಟ್ಟಲಿ, ಆಮೇಲೆ ತೆಗೀತೀನಿ."

ಕಾಗೆ ತಿಂದರೆ ಸತ್ತವರಿಗೆ ತಲುಪಿತೆಂದು ನಮ್ಮ ನಂಬಿಕೆ ಅಂತ ಆ ಹೆಂಗಸಿಗೆ ಮುಜುಗರದಿಂದಲೇ ವಿವರಿಸಿದೆ. ಅವರು ಬೋರ್ಡಿಗೆ ಬೆನ್ನು ಹಾಕಿ ನಿಂತರು. ಮೂವರೂ ಕಾದೆವು.

ಕೊನೆಗೆ ಕರ್ರಗಿನ ಹಕ್ಕಿಯೊಂದು ಇಳಿದು ಅನ್ನ ಕುಕ್ಕಿತು. ಅತ್ತೆ ಕಣ್ಣೊರೆಸಿಕೊಂಡರು.

ಅದು ಕಾಗೆಯಲ್ಲ, ಗ್ರ್ಯಾಕಲ್. ಪಾರ್ಕಿಂಗ್ ಲಾಟ್‌ಗಳಲ್ಲಿ ಫ್ರೆಂಚ್ ಫ್ರೈಸ್ ಕದಿಯುವ ಹಕ್ಕಿ. ಟೆಕ್ಸಾಸ್‌ನಲ್ಲೇ ಹುಟ್ಟಿ ಬೆಳೆದ ಆ ಹೆಂಗಸಿಗೆ ಇದು ಗೊತ್ತಿಲ್ಲದೆ ಇರುತ್ತದೆಯೇ? ಆದರೂ ಅತ್ತೆಯ ಕೈ ಹಿಡಿದು, "ಕ್ರೋ, ಕ್ರೋ," ಎಂದು ತಲೆಯಾಡಿಸಿದರು.

ಅಷ್ಟು ಇಂಗ್ಲಿಷ್ ನಮ್ಮತ್ತೆಗೆ ಬರುತ್ತದೆ.